ಎದುರಿನ ಸೀಟಿನಲ್ಲಿ ಕುಳಿತು ನಿಯಮ ತಿದ್ದಿಸಿದವರು

ನಮ್ಮ ವಿದ್ಯಾರ್ಥಿಯೊಬ್ಬ ಒಂದು ವರ್ಷ ಪರದೇಶದ ಕಾಲೇಜಿನಲ್ಲಿ ಓದಿ ಬರುವುದು ಇಂದು ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಯಾರಿಗೂ ಸೋಜಿಗದ ಸಂಗತಿಯಲ್ಲ. ಈ ದಶಕದ ಆರಂಭದಲ್ಲಿ ಹೀಗಿರಲಿಲ್ಲ. ಆ ಓದಿಗೆ ಇಲ್ಲಿ ಒಂದು ನೆಲೆಯೂ ನಿಯಮವೂ ದೊರೆತಿದ್ದರೆ ಅದರ ಬಹುಪಾಲು ಶ್ರೇಯಸ್ಸು ಅಂತರರಾಷ್ಟ್ರೀಯ ವಿದ್ಯಾವಿನಿಮಯ ಮಂಡಲಿಯ ಪಶ್ಚಿಮ ಭಾರತ ಶಾಖೆಯ ಕಾರ್ಯದರ್ಶಿಗಳಾಗಿ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಪಟ್ಟಾಭಿರಾಮಯ್ಯನವರಿಗೆ ಸಲ್ಲತಕ್ಕದ್ದು. ಸಂಪಾದಕರು ಈ ಸಂಪುಟಕ್ಕೆ ಅವರ ಸಹೋದ್ಯೋಗಿಗಳಿಂದಲೂ ಶಿಷ್ಯರಿಂದಲೂ ಲೇಖನ ಕೇಳಿದ್ದಾರೆ. ನಾನು ಎರಡೂ ಅಲ್ಲ. ನಾನು ಅವರ ಎದುರು ಪಕ್ಷದವನು, ಅವರು ಐದು ವರ್ಷ ಬಿಡದೆ ತಟ್ಟಿದ ಬಾಗಿಲು. ಬಾಗಿಲಿಗೂ ಹೇಳುವುದು ಸ್ವಲ್ಪ ಇರುತ್ತದೆ.

ನಾನು ಧಾರವಾಡದವನು. ಧಾರವಾಡವೂ ಅಹಮದಾಬಾದೂ ಒಂದೇ ಮುಂಬಯಿ ರಾಜ್ಯದಲ್ಲಿದ್ದಾಗ ರಸಾಯನಶಾಸ್ತ್ರ ಕಲಿಸಲು ಇಲ್ಲಿಗೆ ಬಂದೆ. ರಾಜ್ಯಗಳು ಬೇರೆಯಾದರೂ ನಾನು ಇಲ್ಲಿಯೇ ಉಳಿದೆ. ನನ್ನ ಅಡ್ಡಹೆಸರು ದೇಸಾಯಿ ಆದುದರಿಂದ ಗುಜರಾತಿಗಳು ನನ್ನನ್ನು ತಮ್ಮವನೆಂದೇ ಎಣಿಸಿ, ಪರದೇಶದ ಓದಿನ ಮಾನ್ಯತೆಯ ಕುರಿತು ಸಲಹೆ ಕೊಡುವ ಸಮಿತಿಗೆ ಸೇರಿಸಿಕೊಂಡರು. ಮೂರೂ ನಗರಗಳ ಅಧ್ಯಾಪಕರು ಅದರಲ್ಲಿದ್ದರು. ನಡುವಿನ ಊರೆಂದು ಸಭೆ ವಡೋದರಾದಲ್ಲಿ ಸೇರುತ್ತಿತ್ತು. ಪಟ್ಟಾಭಿರಾಮಯ್ಯನವರ ಪರಿಚಯ ನನಗೆ ಆದದ್ದು ಸಭೆಯಲ್ಲಲ್ಲ, ಸಭೆ ಮುಗಿಸಿ ಹಿಂದಿರುಗುವ ರೈಲಿನಲ್ಲಿ.

ಅದೇ ಅವರ ಕಾರ್ಯವಿಧಾನ. ಕಚೇರಿಗೆ ಬಂದು ಮನವಿ ಕೊಟ್ಟವರಲ್ಲ, ಮಂತ್ರಿಗಳ ಮನೆಯ ಮುಂದೆ ಕಾದವರಲ್ಲ. ಸಮಿತಿಯ ಸದಸ್ಯರು ಸಭೆಯಲ್ಲಿ ಬಿಗಿದುಕೊಂಡು ಕೂರುತ್ತಾರೆ, ರೈಲಿನಲ್ಲಿ ಕೋಟು ಬಿಚ್ಚುತ್ತಾರೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಒಂದು ಸಲ ಸೂರತ್ತಿನ ಕಡೆಯ ಗಾಡಿಯಲ್ಲಿ, ಇನ್ನೊಂದು ಸಲ ನಮ್ಮ ಕಡೆಯ ಗಾಡಿಯಲ್ಲಿ, ಮನೆಯಿಂದ ತಂದ ಚಿತ್ರಾನ್ನದ ಡಬ್ಬಿಯೊಡನೆ ನಮ್ಮ ಎದುರಿನ ಸೀಟಿನಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ಆನಂದ್ ನಿಲ್ದಾಣ ದಾಟುವವರೆಗೆ ಮಕ್ಕಳು, ಮನೆ, ಮಧುಮೇಹದ ಮಾತು. ಆಮೇಲೆ ಕನ್ನಡಕ ಒರೆಸಿಕೊಂಡು, "ಅಲ್ಲ ದೇಸಾಯಿಯವರೇ, ಒಂದು ಸಣ್ಣ ವಿಷಯ..." ಎಂದು ಮೃದುವಾಗಿ ಆರಂಭಿಸುವರು. ಆ ಸಣ್ಣ ವಿಷಯ ಅಹಮದಾಬಾದ್ ಬಂದರೂ ಮುಗಿಯುತ್ತಿರಲಿಲ್ಲ.

ವಿಷಯ ಇಷ್ಟೇ: ಪರದೇಶದಲ್ಲಿ ಕಳೆದ ವರ್ಷವನ್ನು ಇಲ್ಲಿಯ ಪದವಿಯ ಲೆಕ್ಕಕ್ಕೆ ಹಿಡಿಯಬೇಕೆಂದು ಅವರ ಮಂಡಲಿಯ ಒತ್ತಾಯ. ಹಾಜರಿ ನಮ್ಮ ಕಾಲೇಜಿನಲ್ಲಿಯೇ ಆಗಬೇಕೆಂಬುದು ನಿಯಮ. ನಿಯಮದ ಪರವಾಗಿ ಸಮಿತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸುತ್ತಿದ್ದವನು ನಾನು. ಅಲ್ಲಿಯ ಪ್ರಯೋಗಶಾಲೆಯಲ್ಲಿ ನಮ್ಮ ಹುಡುಗರು ಏನು ಕಲಿತರು, ಏನು ಒಡೆದರು ಎಂದು ನೋಡದೆ ಸಹಿ ಹಾಕುವುದು ಹೇಗೆ? ಈ ಪ್ರಶ್ನೆ ಅಂದು ಸರಿಯಾಗಿತ್ತು, ಇಂದೂ ಸರಿಯಾಗಿದೆ. ಅಭಿನಂದನ ಗ್ರಂಥದಲ್ಲಿ ಬರೆಯುತ್ತಿರುವೆನೆಂದು ಅದನ್ನು ನಾನು ಬಿಟ್ಟುಕೊಡುವವನಲ್ಲ.

ಇಷ್ಟರಲ್ಲಿ ಪಟ್ಟಾಭಿರಾಮಯ್ಯನವರು ತಾವಾಗಿಯೇ ಒಂದು ಸಿಕ್ಕಿನಲ್ಲಿ ಸಿಲುಕಿದ್ದರು. ಸೂರತ್ತಿನಲ್ಲಿ ಊಟದ ಹೋಟೆಲು ನಡೆಸುವ ಉಡುಪಿ ಕಡೆಯ ಗಣಪತಿ ಉಪಾಧ್ಯರ ಮಗಳು ನಳಿನಿ ಬಿ.ಎಸ್‌ಸಿ. ಓದುತ್ತಿದ್ದಳು, ೧೯೬೩ರಲ್ಲಿ ಡೆನ್ಮಾರ್ಕಿಗೆ ಆಯ್ಕೆಯಾದಳು. ಮಗಳ ಒಂದು ವರ್ಷ ಹಾಳಾಗುವುದೆಂದು ತಂದೆ ಒಪ್ಪಲಿಲ್ಲ. ಡಿಗ್ರಿ ಮುಗಿದೊಡನೆ ಮದುವೆ ಎಂದು ಅವರು ನಿಶ್ಚಯಿಸಿದ್ದರು. ಆಗ ಇವರು, ನಿಯಮ ಇನ್ನೂ ಬದಲಾಗದಿದ್ದರೂ, "ವರ್ಷ ಹೋಗದಂತೆ ನೋಡಿಕೊಳ್ಳೋ ಜವಾಬ್ದಾರಿ ನಂದು" ಎಂದು ಮಾತು ಕೊಟ್ಟುಬಿಟ್ಟರು. ಎಚ್ಚರದ ಮನುಷ್ಯ ಆಡುವ ಮಾತಲ್ಲ ಅದು. ಹುಡುಗಿ ಹೋದಳು, ಓದಿದಳು, ಮರುವರ್ಷ ಹಿಂದಿರುಗಿದಳು. ಎರಡನೆಯ ವರ್ಷಕ್ಕೆ ಮತ್ತೆ ಕುಳಿತುಕೊಳ್ಳತಕ್ಕದ್ದೆಂದು ಕಾಲೇಜು ತಿಳಿಸಿತು. ಹಾಗಾದರೆ ಓದೇ ಸಾಕು ಎಂದರು ತಂದೆ.

ಅದೇ ಹೊತ್ತಿಗೆ ಮಂಡಲಿಯ ಪ್ರಧಾನ ಕಚೇರಿಯಿಂದ ಒಬ್ಬ ಸಾಹೇಬರು ಅಹಮದಾಬಾದಿಗೆ ಬಂದಿಳಿದರು. ಸಮಿತಿಯ ಮೇಲೆ ಪ್ರಭಾವ ಬೀರಲು ಅವರು ಕಂಡ ಉಪಾಯ ಭರ್ಜರಿ ಔತಣ. ಯಾರನ್ನೂ ಕೇಳದೆ, ಪರ್ಯುಷಣದ ವಾರದಲ್ಲಿ ರಾತ್ರಿ ಎಂಟಕ್ಕೆ ಎಲ್ಲರನ್ನೂ ಕರೆದರು. ಸಮಿತಿಯ ಅಧ್ಯಕ್ಷರೂ ಇನ್ನಿಬ್ಬರೂ ಜೈನರು; ಸೂರ್ಯ ಮುಳುಗಿದ ಮೇಲೆ ತುತ್ತೆತ್ತದವರು, ಆ ವಾರವಂತೂ ವ್ರತದಲ್ಲಿದ್ದವರು. ಅವರಿಲ್ಲದೆ ಉಳಿದವರೂ ಬರಲಿಲ್ಲ; ಆ ದಿನ ಸಾಹೇಬರು ಹಾಸಿದ ಮೇಜುಗಳ ನಡುವೆ ನನ್ನೊಬ್ಬನೊಡನೆ ಕುಳಿತು ಪಾಯಸ ಸವಿದರು. ಸದಸ್ಯರು ಅದನ್ನು ಅವಮಾನವೆಂದೇ ಭಾವಿಸಿದರು.

ಸೂರತ್ತಿನಿಂದ ಮರುದಿನ ಓಡಿಬಂದ ಪಟ್ಟಾಭಿರಾಮಯ್ಯನವರು ಸಾಹೇಬರನ್ನು ಒಂದು ಮಾತೂ ಗದರಲಿಲ್ಲ. ಹಗಲಿರುವಾಗಲೇ, ಪೋಳವೆನ್ನುವ ಹಳೆಯ ಕೇರಿಯ ಇಕ್ಕಟ್ಟಾದ ಓಣಿಗಳಲ್ಲಿ, ಅವರನ್ನು ಊರಿನ ಒಬ್ಬೊಬ್ಬ ಸದಸ್ಯರ ಮನೆಗೆ ನಡೆಸಿಕೊಂಡು ಹೋದರು. ಮನೆಯವರು ಕೊಟ್ಟ ಕಾಯಿಸಿ ಆರಿಸಿದ ನೀರನ್ನಷ್ಟೇ ಇಬ್ಬರೂ ಕುಡಿದರು. ಮನವಿಯ ಮಾತನ್ನೇ ಎತ್ತಲಿಲ್ಲವಂತೆ. ಕಡೆಯ ಮನೆಯಲ್ಲಿ ಅಧ್ಯಕ್ಷರ ತಾಯಿ, ಬಿಸಿಲಿಗೆ ಕೆಂಪಾಗಿದ್ದ ಆ ಸಾಹೇಬರನ್ನು ನೋಡಿ ಮರುಗಿ, ಮಗನನ್ನೇ ಬೈದರಂತೆ. ಸಮಿತಿಯ ಮುನಿಸು ಅಲ್ಲಿಗೆ ಇಳಿಯಿತು.

ಮುಂದಿನ ಸಭೆಯಲ್ಲಿ ಒಂದು ಮಧ್ಯಮ ಮಾರ್ಗ ಹೊಳೆಯಿತು. ಅದನ್ನು ರೈಲಿನಲ್ಲಿ ಅವರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂದು ಮೊದಲ ಸಲ, ಎದುರಿನ ಸೀಟಿಗೆ ಅವರನ್ನು ನಾನೇ ಕರೆದೆ.

"ನೋಡ್ರೀ ರಾಯರ," ಎಂದೆ, "ಆ ಹುಡುಗಿ ಒಬ್ಬಾಕಿಗೆ ವಿನಾಯಿತಿ ಕೊಡಲಿಕ್ಕೆ ಎಲ್ಲಾರೂ ಒಪ್ಯಾರ. ಆಕಿ ವರ್ಷ ಉಳೀತು, ನಿಮ್ಮ ಮಾತೂ ಉಳೀತು. ನಿಯಮದ ಮಾತು ಮಾತ್ರ ಇಲ್ಲಿಗೇ ಬಿಟ್ಟಬಿಡ್ರಿ."

ಅವರು ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಹಾಕಿದರು. "ಎರಡು ದಿನ ಕೊಡಿ ದೇಸಾಯಿಯವರೇ," ಎಂದರು.

ಎರಡು ದಿನ ಕಳೆದು ಕಾಲೇಜಿಗೇ ಬಂದರು. "ಬೇಡ," ಎಂದರು. "ನಮ್ಮ ಪರಿಚಯ ಇರೋರ ಮಗಳಿಗೆ ಒಂದು, ಇಲ್ಲದೋರ ಮಗಳಿಗೆ ಇನ್ನೊಂದು ಆಗಬಾರದು. ಕೊಟ್ಟರೆ ನಿಯಮ ಕೊಡಿ. ಮತ್ತೆ, ವಿನಾಯಿತಿಯ ಮಾತು ಉಪಾಧ್ಯರ ಕಿವಿಗೆ ಬೀಳೋದು ಬೇಡ, ಅವರು ನೊಂದ್ಕೋತಾರೆ."

ನನಗೆ ಬಂದ ಸಿಟ್ಟು ಮುಖದಲ್ಲಿಯೇ ಕಂಡಿರಬೇಕು. ತನ್ನ ತತ್ತ್ವಕ್ಕಾಗಿ ಬೇರೆಯವರ ಮಗಳ ವರ್ಷವನ್ನು ಬಲಿಕೊಡುವ ಹಟ ಇದೆಂದು ಮನಸ್ಸಿನಲ್ಲಿಯೇ ಬೈದುಕೊಂಡೆ. ಅವರು ನೇರವಾಗಿ ಸೂರತ್ತಿಗೆ ಹೋಗಿ, ಊಟಕ್ಕೆ ಕುಳಿತ ಗಿರಾಕಿಗಳ ಎದುರಿನಲ್ಲಿಯೇ, ತಮ್ಮ ಮಾತು ನಡೆಯಲಿಲ್ಲವೆಂದು ಗಣಪತಿ ಉಪಾಧ್ಯರಿಗೆ ಹೇಳಿದರು. ಉಪಾಧ್ಯರು ಸೌಟು ಕೆಳಗಿಟ್ಟು ಹೇಳಿದ್ದನ್ನು ಆ ಹೋಟೆಲಿನ ಹಳೆಯ ಗಿರಾಕಿಗಳು ಇಂದಿಗೂ ನೆನೆಯುತ್ತಾರೆ: "ಹೋದದ್ದು ವರ್ಷ ಮಾರಾಯ್ರೆ, ನಿಮ್ಮ ಮಾತಲ್ಲ. ನೀವು ಬಂದು ಹೇಳಿದಿರಲ್ಲ, ಸಾಕು. ಅವಳು ಇನ್ನೊಂದು ವರ್ಷ ಓದಲಿ. ಮದುವೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಕೈ ತೊಳೆದು ಬನ್ನಿ, ಊಟ ಮಾಡಿ."

ನಳಿನಿ ತನಗಿಂತ ಕಿರಿಯರೊಡನೆ ಕುಳಿತು ಅದೇ ಪಾಠ ಮತ್ತೆ ಓದಿದಳು. ಆ ವರ್ಷವಿಡೀ ಪಟ್ಟಾಭಿರಾಮಯ್ಯನವರು ನಮ್ಮ ಎದುರಿನ ಸೀಟನ್ನು ಒಂದು ಸಲವೂ ತಪ್ಪಿಸಲಿಲ್ಲ. ೧೯೬೬ರಲ್ಲಿ ನಿಯಮ ಬಂತು: ಹಿಂದಿರುಗಿದವರು ಪ್ರಯೋಗಶಾಲೆಯಲ್ಲಿ ಒಂದು ಪರೀಕ್ಷೆ ಕೊಟ್ಟರೆ ಪರದೇಶದ ವರ್ಷ ಲೆಕ್ಕಕ್ಕೆ ಸೇರುವುದು. ಪರೀಕ್ಷೆಯ ಷರತ್ತು ನನ್ನದು, ಉಳಿದದ್ದೆಲ್ಲ ಅವರದು. ಹಿಂದಿನವರಿಗೆ ಅನ್ವಯಿಸದೆಂದು ಅದರಲ್ಲಿಯೇ ಬರೆದಿತ್ತು. ಆಗಿನಿಂದ ಮೂರೂ ನಗರಗಳ ಮಕ್ಕಳು ನಿಶ್ಚಿಂತೆಯಿಂದ ಹೋಗಿ ಬರುತ್ತಿದ್ದಾರೆ.

ನಳಿನಿ ಈಗ ನಮ್ಮ ವಿಭಾಗದಲ್ಲಿಯೇ ಡೆಮಾನ್‌ಸ್ಟ್ರೇಟರ್. ಅವಳ ಕಥೆಯನ್ನು ಅವಳಿಗೆ ತಿಳಿಸದೆ ಅಚ್ಚಿಗೆ ಕೊಡುವುದು ಸರಿಯಲ್ಲವೆಂದು, ಕನ್ನಡ ಓದುವುದು ಅವಳಿಗೆ ತುಸು ನಿಧಾನವಾದ್ದರಿಂದ, ಇಲ್ಲಿಯವರೆಗಿನದನ್ನು ನಾನೇ ಓದಿ ಹೇಳಿದೆ. ವಿನಾಯಿತಿಯ ಭಾಗ ಬಂದಾಗ ಓದುವುದನ್ನು ನಿಧಾನಿಸಿದೆ. ಇಷ್ಟು ವರ್ಷ ಅಪ್ಪನಂತೆ ಗೌರವಿಸಿದವರ ಮೇಲೆ ಈ ಹುಡುಗಿಗೆ ಬೇಸರ ಮೂಡಿದರೆ?

ಅವಳು ನಕ್ಕಳು. "ನಂಗೆ ಗೊತ್ತಿತ್ತಲ್ಲ ಸರ್. ಅವ್ರು ಮೊದ್ಲು ಕೇಳಿದ್ದೇ ನನ್ನನ್ನು. ನೀವು ಹೇಳಿದ ಮಾರನೇ ದಿನವೇ ಸೂರತ್ತಿಗೆ ಬಂದ್ರು. 'ನೀನು ಹ್ಞೂಂ ಅಂದರೆ ಈಗಲೇ ಒಪ್ಪಿಗೆ ಕೊಡ್ತೇನೆ, ಯಾರೂ ಏನೂ ಅನ್ನೋ ಹಾಗಿಲ್ಲ' ಅಂದ್ರು. ಒಂದಿಡೀ ದಿನ ನಾನು ಸುಮ್ನೆ ಅತ್ತೆ. ಅವ್ರು ಅಪ್ಪನ ಹೋಟೆಲಲ್ಲಿ ಕೂತು ಕಾದ್ರು. ಪರಿಚಯ ಇಲ್ಲದೋರ ಮಗಳಿಗೆ ಸಿಗದ್ದು ನಂಗೂ ಬೇಡ ಅಂದದ್ದು ನಾನು, ಸರ್. ಅವ್ರಲ್ಲ."

ನಾನು ಐದು ವರ್ಷ ಅವರ ಹಟವೆಂದು ತಿಳಿದದ್ದು ಈ ಹುಡುಗಿಯ ತೀರ್ಮಾನವಾಗಿತ್ತು. ನಾನು ಸಿಟ್ಟು ಮಾಡಿಕೊಂಡದ್ದು ತಿಳಿದಿದ್ದರೂ ಅವರು ಅವಳ ಹೆಸರೆತ್ತಲಿಲ್ಲ, ಬೇಡವೆಂದ ಭಾರವನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡರು. ಆ ಹಿರಿಯರ ಮೇಲಿನ ನನ್ನ ಗೌರವ ಇದ್ದಲ್ಲಿಂದ ಇನ್ನೂ ಮೇಲೇರಿದೆಯೆಂದು, ವಾದದಲ್ಲಿ ಅವರಿಗೆ ಎಂದೂ ಸೋಲೊಪ್ಪದ ನಾನು, ಸಂತೋಷದಿಂದ ಬರೆದುಕೊಡುತ್ತೇನೆ.

ಪಟ್ಟಾಭಿರಾಮಯ್ಯನವರಿಗೆ ಭಗವಂತನು ದೀರ್ಘಾಯುಸ್ಸನ್ನೂ ಗಟ್ಟಿ ಕಾಲುಗಳನ್ನೂ ಕರುಣಿಸಲಿ. ಇಲ್ಲಿಗೆ ಓದಲು ಬರುವ ಪರದೇಶದ ಮಕ್ಕಳಿಗೂ ನಮ್ಮ ಪರೀಕ್ಷೆಗಳಲ್ಲಿ ಜಾಗ ಬೇಕೆಂದು ಕಳೆದ ತಿಂಗಳಷ್ಟೇ ಅವರು ಹೊಸ ರಾಗ ತೆಗೆದಿದ್ದಾರೆ. ನಿವೃತ್ತಿಯ ನೆಪದಲ್ಲಿ ಅದನ್ನು ಅರ್ಧಕ್ಕೆ ಬಿಡಬಾರದು. ನಾನು ಅದಕ್ಕೂ ವಿರೋಧಿಯೇ. ಸಮಿತಿಯ ಮುಂದಿನ ಸಭೆಗೆ ನಾನೂ, ಪರದೇಶದಲ್ಲಿ ಓದಿದವಳೆಂದು ಸಮಿತಿ ಕರೆದಿರುವ ನಳಿನಿಯೂ ಕೂಡಿಯೇ ಹೋಗುತ್ತೇವೆ. ಹಿಂದಿರುಗುವ ಗಾಡಿಯಲ್ಲಿ ಎದುರಿನ ಸೀಟಿನ ಮೇಲೆ ನನ್ನ ಕರವಸ್ತ್ರ ಹಾಸಿರುತ್ತೇನೆ, ಅವರು ಬರಲಿ.