ಛತ್ರದ ಗೋಡೆಗೆ ಕೂರಿಸಿದ ಗಾಜು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ, ಇದರಿಂದ ಇವರಿಗೇನು ಲಾಭ ಎಂದೇ ನನ್ನ ತಲೆ ಓಡುತ್ತದೆ. "ದೇವರೇ ಬಂದು ಬಾಗಿಲು ತಟ್ಟಿದ್ರೂ ನೀನು ಆಧಾರ್ ಕಾರ್ಡ್ ಕೇಳ್ತೀಯ ಕಣೆ" ಎಂದು ನನ್ನ ಯಜಮಾನರು ಆಡಿಕೊಳ್ಳುತ್ತಾರೆ. ಕೇಳಿದರೆ ತಪ್ಪೇನು ಅನ್ನುವುದು ನನ್ನ ವಾದ. ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡದೆ ನಂಬಬಾರದೆಂದು ಆ ಕೆಲಸವೇ ಕಲಿಸಿದೆ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕೃಷ್ಣಮೂರ್ತಿಪುರಂನ ಒಂದು ಒಳರಸ್ತೆಯಲ್ಲಿ ಹಳೇ ಛತ್ರವೊಂದಿದೆ. ಪರಸ್ಥಳದಿಂದ ಬಂದವರಿಗೆ ಊಟ ಹಾಕಲೆಂದು ವ್ಯಾಪಾರಿ ಮನೆತನದವರು ಯಾವ ಕಾಲದಲ್ಲೋ ಕಟ್ಟಿಸಿದ್ದು. ಊಟ ನಿಂತುಹೋಗಿತ್ತು. ಕಲ್ಲುಕಂಬದ ಹಜಾರ, ಗಾರೆ ನೆಲ, ಹಿಂದೆ ಮಸಿ ಹಿಡಿದ ಅಡುಗೆಮನೆ ಉಳಿದಿದ್ದವು. ನಮ್ಮೂರಿನ ಹಳೇ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಬೇಕೆಂಬ ಓಡಾಟ ನಡೆದಾಗ ಈ ಛತ್ರದ ಹೆಸರೂ ಬಂತು. ನೋಡಲು ಹೊರದೇಶದ ತಜ್ಞರು ಬರುವವರಿದ್ದರು. ಛತ್ರದ ಟ್ರಸ್ಟಿನ ಸೆಕ್ರೆಟರಿಗೆ ಮಾತ್ರ ಅದನ್ನು ಕೆಡವಿ ಪ್ರವಾಸಿಗರಿಗೆ ಹೋಟೆಲ್ ಕಟ್ಟುವ ಆಸೆ. ಹೋಟೆಲಿನ ಹೆಸರಿನಲ್ಲಿ ‘ಹೆರಿಟೇಜ್’ ಇರುತ್ತದಂತೆ, ಅಷ್ಟು ಸಾಕಂತೆ.

ಹಜಾರದ ಒಂದು ಗೋಡೆಯಲ್ಲಿ ಮೇಲಿಂದ ಕೆಳಗೆ ಬಿರುಕಿತ್ತು. ಅದನ್ನು ಪರೀಕ್ಷಿಸಲು ಟ್ರಸ್ಟಿನವರು ನನ್ನನ್ನು ಕರೆಸಿದರು. ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ತಿಳಿಯಲು ನಮ್ಮ ಕಸುಬಿನಲ್ಲಿ ಸುಲಭದ ಉಪಾಯವಿದೆ. ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ತುದಿಗೂ ಪ್ಲಾಸ್ಟರ್ ಹಾಕಿ ಕೂರಿಸುತ್ತೇವೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಗೋಡೆ ನಿಂತಿದೆ ಎಂದು ನಾನು ಬರೆದುಕೊಟ್ಟರೆ ಛತ್ರ ಉಳಿಯುತ್ತದೆ, ಜರುಗುತ್ತಿದೆ ಎಂದರೆ ತಜ್ಞರು ಬರುವ ಮೊದಲೇ ಕೆಡವುತ್ತಾರೆ ಎಂದು ಮಾತಾಯಿತು.

ಮೊದಲ ಗಾಜು ಒಡೆಯಿತು. ಅಡಿಪಾಯ ಅಗೆಸಿ ನೋಡಿದೆ, ಕಲ್ಲಿನಂತಿತ್ತು. ನೀರು ಇಳಿದಿರಲಿಲ್ಲ, ಮರದ ಬೇರು ನುಗ್ಗಿರಲಿಲ್ಲ. ಹೊಸ ಗಾಜು ಕೂರಿಸಿದೆ, ಅದೂ ಒಡೆಯಿತು. ಇದು ಸೆಕ್ರೆಟರಿಯ ಕೈಚಳಕ ಎಂದು ಹಜಾರಕ್ಕೆ ನನ್ನದೇ ಬೀಗ ಹಾಕಿದೆ. ಬೀಗದೊಳಗೇ ಒಡೆಯಿತು. ಆಗ ನನ್ನ ಅನುಮಾನ ಗೌರಮ್ಮನ ಕಡೆ ತಿರುಗಿತು.

ಗೌರಮ್ಮ ಛತ್ರ ನೋಡಿಕೊಂಡು ಅಡುಗೆಮನೆಯಲ್ಲೇ ಬಿಡಾರ ಮಾಡಿದ್ದ ಹೆಂಗಸು. ಅಲ್ಲಿಂದ ಹಜಾರಕ್ಕೆ ಒಂದು ಒಳಬಾಗಿಲಿತ್ತು, ನನ್ನ ಬೀಗದ ಇನ್ನೊಂದು ಕೀಲಿಯೂ ಆಕೆಯ ಹತ್ತಿರವೇ ಇತ್ತು. ಆಕೆಯ ಮಗಳು ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕಿದ್ದಳು. ಛತ್ರ ಕೆಡವಿದರೆ ಮಗಳ ಹತ್ತಿರವೇ ಮನೆ ಕೊಡಿಸುತ್ತೇನೆಂದು ಸೆಕ್ರೆಟರಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಸಾಲದ್ದಕ್ಕೆ, ಗಾಜು ಒಡೆದದ್ದೆಲ್ಲ ಆಕೆ ಮಗಳ ಮನೆಗೆ ಹೋದ ದಿನಗಳಲ್ಲೇ. ಹೊರಡುವ ಮುಂಚೆ ಒಂದು ಏಟು ಹಾಕಿ ಹೋಗುತ್ತಾಳೆ ಎಂದು ಲೆಕ್ಕ ಹಾಕಿದೆ.

ಆಕೆಗೊಂದು ವಿಚಿತ್ರ ಅಭ್ಯಾಸವಿತ್ತು. ಮಧ್ಯಾಹ್ನ ಉಣ್ಣುವ ಮೊದಲು ಮುಂಬಾಗಿಲು ತೆಗೆದು ಜಗುಲಿಗೆ ಬಂದು, ರಸ್ತೆಯ ಕಡೆ ಮುಖ ಮಾಡಿ, "ಉಣ್ಣೋರು ಯಾರಾರ ಇದ್ದೀರಾ? ಬನ್ನಿ, ಎಲೆ ಹಾಕೈತೆ" ಎಂದು ಕೂಗುತ್ತಿದ್ದಳು. ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಿದ್ದಳು. ಇದೂ ಏನೋ ಸನ್ನೆ ಇರಬೇಕೆಂದು ಒಮ್ಮೆ ಕೇಳಿಯೇಬಿಟ್ಟೆ.

"ಯಾರೂ ಬರಕ್ಕಿಲ್ಲ ಬುಡಿ" ಎಂದಳು. "ಬಂದ್ರೆ ನನ್ನ ಮುದ್ದೇಲಿ ಅರ್ಧ ಕೊಡೋದು. ನಮ್ಮತ್ತೆ ಕೂಗೋರು, ನಾನೂ ಕೂಗ್ತೀನಿ. ಇನ್ನೇನಿಲ್ಲ ಕಣಮ್ಮ."

ಮಗಳಿಗೆ ಜ್ವರವೆಂದು ಆಕೆ ಮತ್ತೆ ಹೆಬ್ಬಾಳಕ್ಕೆ ಹೊರಟ ದಿನ ನಾನು ಹೊಂಚುಹಾಕಿ ಕುಳಿತೆ. ಆಕೆ ಬಸ್ಸಿಗೆ ಹೋದದ್ದನ್ನು ಕಣ್ಣಾರೆ ನೋಡಿ, ಎಲ್ಲ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿದೆ. ಗಾಜನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ, ಗೀರು ಸಹ ಇರಲಿಲ್ಲ. ಅದರ ಎದುರಿಗೇ ಕುರ್ಚಿ ಹಾಕಿಕೊಂಡೆ. ಹೊರಗೆ ನಡುಮಧ್ಯಾಹ್ನದ ಬಿಸಿಲು, ಗವಾಕ್ಷಿಯಿಂದ ಹಜಾರದ ತುಂಬ ಬೆಳಕು. ಹೆದರುವಂಥದ್ದು ಏನೂ ಇರಲಿಲ್ಲ. ಹಸಿವಾಯಿತು. ಡಬ್ಬಿ ತೆಗೆದು ಚಿತ್ರಾನ್ನದ ಮೊದಲ ತುತ್ತು ಬಾಯಿಗಿಟ್ಟೆ. ಟಿಕ್ಕೆಂದು ಸದ್ದಾಯಿತು. ನಾನು ನೋಡುತ್ತಿದ್ದಂತೆಯೇ ಗಾಜಿನ ನಡುವೆ ಗೆರೆ ಬಿತ್ತು.

ರಸ್ತೆಯಲ್ಲಿ ಲಾರಿ ಹೋಗಿರಲಿಲ್ಲ. ಬಿಸಿಲಿಗೆ ಒಡೆಯಿತೆನ್ನಲು ಆ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಹೊಸ ಗಾಜು ಕೂರಿಸಿ ಮನೆಗೆ ಬಂದೆ. ಯಜಮಾನರಿಗೆ ಹೇಳಲಿಲ್ಲ. ತಜ್ಞರು ಬರಲು ಹೆಚ್ಚು ದಿನ ಉಳಿದಿರಲಿಲ್ಲ. ಜರುಗುತ್ತಿದೆ ಎಂದು ಬರೆದುಕೊಟ್ಟರೆ ಛತ್ರ ಕೈಬಿಟ್ಟುಹೋಗುತ್ತಿತ್ತು.

ಮಾರನೆಯ ದಿನವೂ ಗೌರಮ್ಮ ಬಂದಿರಲಿಲ್ಲ. ಹಾಗೇ ಕುಳಿತೆ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದವಳು ಯಾಕೋ ತಡೆದೆ. ಗಾಜು ಒಡೆದ ದಿನಗಳಲ್ಲಿ ಜಗುಲಿಯಿಂದ ಕೂಗುವವರೂ ಇರಲಿಲ್ಲವಲ್ಲ ಎಂದು ಹೊಳೆಯಿತು. ನನ್ನ ಬಗ್ಗೆ ನನಗೇ ನಾಚಿಕೆಯಾದರೂ ಎದ್ದು ಹೋಗಿ ಮುಂಬಾಗಿಲು ತೆಗೆದೆ. "ಊಟ ಮಾಡೋರು ಯಾರಾದರೂ ಇದ್ದೀರಾ? ಬನ್ನಿ" ಎಂದೆ. ದನಿ ಸರಿಯಾಗಿ ಏಳಲೇ ಇಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಆಗ ನನ್ನ ಬೆನ್ನ ಹಿಂದೆ, ಆ ಖಾಲಿ ಹಜಾರದಲ್ಲಿ, ಜನ ಪಂಕ್ತಿಗೆ ಕೂರುವ ಸದ್ದಾಯಿತು. ಮದುವೆಮನೆಯಲ್ಲಿ ನೀವೂ ಕೇಳಿರುತ್ತೀರಿ. ಬಟ್ಟೆಯ ಸರಸರ, ಯಾರದೋ ಮಂಡಿಯ ಲಟಕ್ಕು, ಬಿಸಿಲಲ್ಲಿ ನಡೆದು ಬಂದವರು ಕೂತಾಗ ಬಿಡುವ ಉಸಿರು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ತಿರುಗಿ ನೋಡುವ ಹೊತ್ತಿಗೆ ಸದ್ದು ನಿಂತಿತ್ತು. ಯಾರೂ ಇರಲಿಲ್ಲ. ನನ್ನ ಕುರ್ಚಿ, ಡಬ್ಬಿ, ಗೋಡೆಯ ಮೇಲೆ ಇಡಿಯಾಗಿದ್ದ ಗಾಜು.

ಅನುಮಾನದವಳು ಸುಮ್ಮನಿರುತ್ತೇನೆಯೇ? ಏಣಿ ಹಾಕಿ ಅಟ್ಟ ಹತ್ತಿ, ಯಾರಾದರೂ ಸ್ಪೀಕರ್ ಬಚ್ಚಿಟ್ಟಿದ್ದಾರೆಯೇ ಎಂದು ತಡಕಾಡಿದೆ. ಬಾವಲಿ ಹಿಕ್ಕೆ ಬಿಟ್ಟು ಬೇರೇನೂ ಸಿಗಲಿಲ್ಲ. ಗೌರಮ್ಮನಿಗೆ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು. "ಮಗಳ ಮನೇಲಿ ಕಣ್ರಮ್ಮ, ಇನ್ನೆಲ್ಲಿರ್ತೀನಿ" ಎಂದಳು.

ಅಲ್ಲಿಂದ ಮುಂದೆ ಆಕೆ ಇಲ್ಲದ ದಿನ ನಾನು ಕೂಗಿದೆ. ಗಾಜು ಒಡೆಯಲಿಲ್ಲ. ತಜ್ಞರು ಬಂದರು. ಅವರಲ್ಲಿ ವಯಸ್ಸಾದ ಹೆಂಗಸೊಬ್ಬರು, ಈ ಹಜಾರದಲ್ಲಿ ಈಗ ಏನು ನಡೆಯುತ್ತದೆ ಎಂದು ಕೇಳಿದರು. ಏನೂ ಇಲ್ಲ ಎಂದರು ಸೆಕ್ರೆಟರಿ. ಗೋಡೆ ನಿಂತಿದೆ ಎಂದು ಸಹಿ ಹಾಕಿಕೊಟ್ಟೆ. ಯಾಕೆ ನಿಂತಿದೆ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ವಿಶ್ವದ ಪಟ್ಟಿಯ ಮಾತು ಇನ್ನೂ ನಡೆಯುತ್ತಲೇ ಇದೆ. ಛತ್ರವಂತೂ ಉಳಿಯಿತು. ಈಗ ಅಲ್ಲಿ ಟಿಕೆಟ್ಟು, ಹಗ್ಗದ ಬೇಲಿ, ಯೂನಿಫಾರ್ಮಿನ ಸೆಕ್ಯೂರಿಟಿಯವನು. ಗೌರಮ್ಮ ಹೆಬ್ಬಾಳದಲ್ಲಿ ಮಗಳ ಜೊತೆ ಇದ್ದಾಳೆ. ವಿದ್ಯಾರಣ್ಯಪುರಂನ ನಮ್ಮ ಮನೆಯಿಂದ ನಾನು ದಿನಾ ಮಧ್ಯಾಹ್ನ ಡಬ್ಬಿಯಲ್ಲಿ ಒಬ್ಬರಿಗೆ ಆಗುವಷ್ಟು ಹೆಚ್ಚಿಗೆ ಇಟ್ಟುಕೊಂಡು ಸ್ಕೂಟರಿನಲ್ಲಿ ಹೋಗುತ್ತೇನೆ. ಊರಿನಲ್ಲಿಲ್ಲದ ದಿನ ಯಜಮಾನರನ್ನು ಕಳಿಸುತ್ತೇನೆ. ಅವರೀಗ ಆಡಿಕೊಳ್ಳುವುದಿಲ್ಲ. "ದಿನಾ ಬಂದು ಯಾರನ್ನ ಕರೀತೀರ ಮೇಡಮ್?" ಎಂದು ಸೆಕ್ಯೂರಿಟಿಯವನಿಗೆ ನನ್ನ ಮೇಲೆ ಬಹಳ ಅನುಮಾನ. ಮೊನ್ನೆ ಆಧಾರ್ ಕಾರ್ಡ್ ಕೇಳಿದ. ತೋರಿಸಿದೆ.

ಆ ಸದ್ದು ಮತ್ತೆ ಕೇಳಲಿಲ್ಲ. ಅಂದು ಕೇಳಿದ್ದು ನನ್ನ ಭ್ರಮೆ ಇರಬಹುದು, ಗಾಜಿಗೆ ಬೇರೆ ಕಾರಣವಿರಬಹುದು, ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವುದೇನೂ ಕಷ್ಟವಲ್ಲ. ಒಂದು ಮಧ್ಯಾಹ್ನ ಕೂಗದೆ ಊಟ ಮಾಡಿ ನೋಡಿದರೆ ಸಾಕು. ಆ ಗೋಡೆಯನ್ನು ನೋಡುವಾಗಲೆಲ್ಲ, ನಾಳೆ ನೋಡೋಣ ಎಂದುಕೊಂಡು ಬಾಗಿಲಿಗೆ ಹೋಗಿ ಕೂಗಿಬಿಡುತ್ತೇನೆ.