ತರ್ಜುಮೆ ಕಾಕಾ ಮತ್ತು ನಾನು ಬದಲಿಸಿದ ಶಬ್ದ

ಹಳೆಯ ಟ್ರಂಕಿನ ತಳದಲ್ಲಿ ಮೊನ್ನೆ ಒಂದು ಹಾಳೆ ಕಾರ್ಬನ್ ಕಾಗದ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಮೇಣ, ಮಸಿ ಕೂಡಿದ ಆ ವಾಸನೆಗೆ ಜಮಖಂಡಿಯ ಒಂದು ಸಣ್ಣ ಕೋಣೆ ಕಣ್ಣೆದುರು ಬಂತು...

ಆಗ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಕೋರ್ಟಿನ ಎದುರಿನ ಆ ಕೋಣೆಯಲ್ಲಿ ಒಬ್ಬರು ಕನ್ನಡ, ಮರಾಠಿ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸಿ ಕೊಡುತ್ತಿದ್ದರು. ವಕೀಲರಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರಿಗೂ ಅವರು ತರ್ಜುಮೆ ಕಾಕಾ. ಅವರು ಕೈಯಲ್ಲಿ ಬರೆದದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಮುಧೋಳದಿಂದ ಬಂದಿದ್ದ ನನಗೆ ಟೈಪಿಂಗ್ ಪರೀಕ್ಷೆ ಪಾಸಾದ ಜಂಬವಿತ್ತು.

ಒಮ್ಮೆ ಹುನ್ನೂರಿನ ಹೆಣ್ಣುಮಗಳೊಬ್ಬಳ ಹೇಳಿಕೆ ತರ್ಜುಮೆಗೆ ಬಂತು. ಆಕೆಯ ಗಂಡ ತೀರಿಕೊಂಡಿದ್ದ. ಚಿಗವ್ವನ ತಲೆ ಕೆಟ್ಟಿದೆ, ಹೊಲ ನನ್ನ ವಶಕ್ಕೆ ಕೊಡಿ ಎಂದು ಗಂಡನ ಅಣ್ಣನ ಮಗ ದಾವೆ ಹೂಡಿದ್ದ. ಅವನ ಆಧಾರ ಒಂದೇ: ಒಂದು ಸಂಜೆ ಆಕೆಗೆ ಸತ್ತ ಗಂಡ ಜೋಳದ ಹೊಲದಲ್ಲಿ ನಿಂತಂತೆ ಕಂಡಿದ್ದ. ಹತ್ತಿರ ಹೋದರೆ ಅದು ಗಂಡನ ಹಳೆಯ ಕೋಟು ತೊಟ್ಟ ಬೆದರುಗೊಂಬೆ. ಅದು ತನ್ನ ಭ್ರಮೆ ಎಂದು ಆಕೆಯೇ ಹೇಳಿಕೆಯಲ್ಲಿ ತಿಳಿಸಿದ್ದಳು.

ಕಾಕಾ ಅದನ್ನು ಇಲ್ಯೂಷನ್ ಎಂದು ಬರೆದಿದ್ದರು. ನಾನು ಡಿಲ್ಯೂಷನ್ ಎಂದು ಟೈಪ್ ಮಾಡಿದೆ. ಕಣ್ತಪ್ಪಿನಿಂದಲ್ಲ. ಎರಡಕ್ಕೂ ಒಂದೇ ಅರ್ಥ, ಇದು ಇನ್ನಷ್ಟು ತೂಕದ ಶಬ್ದ ಎಂದು ತಿಳಿದೇ ಮಾಡಿದ್ದು! ಕಾಕಾ ನನ್ನನ್ನು ನಂಬಿ, ಓದದೆ ಸಹಿ ಹಾಕಿದರು.

ವಿಚಾರಣೆಯ ದಿನ ಎದುರು ಪಕ್ಷದ ವಕೀಲರು ಆ ಶಬ್ದವನ್ನೇ ಹಿಡಿದುಕೊಂಡರು. ಬುದ್ಧಿ ಕೆಟ್ಟಿದ್ದನ್ನು ಆಕೆಯೇ ಒಪ್ಪಿಕೊಂಡಿದ್ದಾಳೆ ಎಂದರು. ಹಿಂದಿನ ಬಾಕಿನಿಂದ ಕಾಕಾ ಎದ್ದು ನಿಂತರು.

"ಸಾಹೇಬ್ರ, ಆ ಶಬ್ದ ತಪ್ಪು ಅದ ರೀ. ಸಹಿ ನಂದು, ತಪ್ಪೂ ನಂದು. ಅಲ್ಲಿ ಇಲ್ಯೂಷನ್ ಅಂತ ಇರಬೇಕಿತ್ತು."

ಎರಡಕ್ಕೂ ಏನು ವ್ಯತ್ಯಾಸ ಎಂದು ನ್ಯಾಯಾಧೀಶರು ಕೇಳಿದರು.

"ದೂರದಿಂದ ಗೊಂಬಿ ಗಂಡನಂಗ ಕಂಡ್ರ ಇಲ್ಯೂಷನ್ ರೀ. ಅದು ಕಣ್ಣಿನ ಮೋಸ, ಯಾರಿಗೂ ಆದೀತು. ಹತ್ತಿರ ಹೋಗಿ ಮುಟ್ಟಿ ನೋಡಿದ ಮ್ಯಾಲೂ ಇವನ ನನ್ನ ಗಂಡ ಅಂತ ಹಠ ಹಿಡದ್ರ ಡಿಲ್ಯೂಷನ್. ಗೊಂಬಿನೂ ಇಲ್ಲದ ಬಯಲಾಗ ಗಂಡ ಕಂಡ್ರ ಅದಕ್ಕ ಹ್ಯಾಲೂಸಿನೇಶನ್ ಅಂತಾರ. ಮೂರಕ್ಕೂ ನಾವು ಭ್ರಮಿ ಅಂತೀವಿ, ಅದಕ್ಕ ಈ ಗೊಂದಲ."

ನ್ಯಾಯಾಧೀಶರು ಆ ಹೆಣ್ಣುಮಗಳತ್ತ ತಿರುಗಿ, ಗೊಂಬೆಯೆಂದು ತಿಳಿದ ಮೇಲೆ ಏನು ಮಾಡಿದೆ ಎಂದರು.

"ಕೋಟು ಬಿಚ್ಚಿಕೊಂಡು ಮನಿಗಿ ಬಂದೆ ರೀ. ಹುಚ್ಚಿ ಆಗಿದ್ರ ಗೊಂಬಿನ್ನ ಕರಕೊಂಡು ಬರತಿದ್ದೆ."

ನ್ಯಾಯಾಧೀಶರೂ ನಕ್ಕರು. ಮುಂದೆ ಹೊಲ ಆಕೆಗೇ ಉಳಿಯಿತು. ಆದರೆ ಅಂದು, ಓದದೆ ಸಹಿ ಹಾಕಿದ್ದಕ್ಕೆ ಕಾಕಾನಿಗೆ ಕಟುವಾದ ಮಾತು ಬಿತ್ತು. ಅದು ಕಡತದಲ್ಲೂ ದಾಖಲಾಯಿತು. ಅವರು ತಲೆ ಬಾಗಿಸಿ ನಿಂತಿದ್ದರು. ನಾನು ಬಾಗಿಲ ಬಳಿಯೇ ಇದ್ದೆ.

ಕೋಣೆಗೆ ಮರಳಿದ ಮೇಲಷ್ಟೇ ಹೇಳಿದೆ: "ಕಾಕಾ, ಅದು ನಾ ಮಾಡಿದ್ದು ರೀ."

"ಗೊತ್ತದ ತಮ್ಮಾ. ನಾ ಬರದದ್ದು ನನಗ ನೆನಪಿರಂಗಿಲ್ಲೇನು? ಇನ್ನ ಮ್ಯಾಲೆ ಗೊತ್ತಿಲ್ಲದ ಶಬ್ದಕ್ಕ ಕೈ ಹಚ್ಚಬ್ಯಾಡ. ನನ್ನ ಕೇಳು."

ಅಷ್ಟೇ. ಆಮೇಲೆ ಕೆಲವು ವಕೀಲರು ತಮ್ಮ ಕಾಗದಗಳನ್ನು ಬೇರೆಯವರಿಗೆ ಕೊಡತೊಡಗಿದರು. ಕಾಕಾ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ದಿನಕ್ಕೆ ಹತ್ತು ಸಲ ಶಬ್ದ ಕೇಳಿದರೂ ಬೇಸರಿಸದೆ ಹೇಳಿಕೊಟ್ಟರು. ಆ ಕಲಿಕೆಯ ಬಲದಿಂದಲೇ ಮುಂದೆ ನಾನೂ ತರ್ಜುಮೆ ಮಾಡಿ ಬದುಕಿದೆ, ಚೆನ್ನಾಗಿಯೇ ಮಾಡಿದೆ.

ಅವರು ಕೊನೆಗಾಲಕ್ಕೆ ಪುಣೆಯಲ್ಲಿದ್ದ ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಂಗಳು ಕಳೆದಿತ್ತು. ಆ ಕಡತ ಎಲ್ಲಾದರೂ ಉಳಿದಿದ್ದರೆ, ತಪ್ಪು ಇನ್ನೂ ಅವರ ಹೆಸರಿನಲ್ಲೇ ಇದೆ. ಅದು ನನ್ನದೆಂದು ಅಂದೇ, ಎಲ್ಲರೆದುರು ಹೇಳಬೇಕಿತ್ತು. ಇಂದು ಬರೆದಿದ್ದೇನೆ. ಓದಲು ಅವರಿಲ್ಲ.