ವರದಿಗೆ ಹೋಗದ ಫೋಟೋ

ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಅಂಬಾರಾಯ’ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ‘ಸಂಸ್ಥೆ ಅಂಬಾರಾಯ’ ಎಂದರೆ ಕಂಡಕ್ಟರನೇ ಸೀಟು ಬಿಟ್ಟುಕೊಡುತ್ತಾನೆ. ಇಪ್ಪತ್ತೆರಡು ವರ್ಷ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತನಾಗಿ, ಹೆಗಲಿಗೊಂದು ಜಮಖಾನ, ಕೊರಳಿಗೊಂದು ಕ್ಯಾಮೆರಾ ಹಾಕಿಕೊಂಡು ಊರೂರು ತಿರುಗಿದವನು. ಕೋಡ್ಲಾದಲ್ಲಿ ಕಣ್ಣಿನ ಶಿಬಿರ, ವಾಡಿಯಲ್ಲಿ ಹೊಲಿಗೆ ತರಬೇತಿ, ಸನ್ನತಿಯಲ್ಲಿ ಅಕ್ಷರ ಕಲಿಕೆ. ಯಾವುದೇ ಇರಲಿ, ಕೊನೆಗೆ ಫೋಟೋ ಆಗಲೇಬೇಕು. ‘ನಗಬ್ಯಾಡ್ರಿ ಯವ್ವಾ, ಇದು ವರದಿಗೆ ಹೋಗ್ತದ. ನೀವು ನಕ್ಕರ, ಇವರಿಗೇನು ಕಮ್ಮಿ ಆಗ್ಯಾದ ಅಂತ ದೊಡ್ಡ ಆಫೀಸಿನವರು ಕೇಳ್ತಾರ!’ ಹೆಂಗಸರೆಲ್ಲ ಬೇವಿನ ಕಷಾಯ ಕುಡಿದವರಂತೆ ಮುಖ ಮಾಡುತ್ತಿದ್ದರು. ಕ್ಲಿಕ್ ಆದೊಡನೆ, ‘ಆಯ್ತು, ಈಗ ನಗ್ರಿ, ಇದು ನಂದು’ ಎಂದು ಇನ್ನೊಂದು ತೆಗೆಯುತ್ತಿದ್ದ. ಮೂರು ವರ್ಷದ ಹಿಂದೆ ಸಂಸ್ಥೆಗೆ ಬೀಗ ಬಿತ್ತು. ವರದಿಗಳು ಎಲ್ಲಿ ಹೋದವೋ, ನಗುವ ಫೋಟೋಗಳು ಮಾತ್ರ ಅವನ ಟ್ರಂಕಿನಲ್ಲಿ ಉಳಿದವು. ಎಷ್ಟೋ ಹೆಸರು ಮರೆತಿದ್ದಾನೆ, ಒಂದು ನಗುವನ್ನೂ ಮರೆತಿಲ್ಲ. ಈಗ ವಾರಕ್ಕೊಮ್ಮೆ ಬಸ್ಸು ಹತ್ತಿ, ಮನೆ ಹುಡುಕಿ, ಒಂದೊಂದಾಗಿ ಕೊಟ್ಟು ಬರುತ್ತಾನೆ. ಮೊನ್ನೆ ಸುಲೇಪೇಟದ ಜಗದೇವಿ, ಹೋದ ವರ್ಷ ತೀರಿಕೊಂಡ ತಾಯಿಯ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ಗುರುತೇ ಸಿಗದವಳಂತೆ ಮತ್ತೆ ಮತ್ತೆ ನೋಡಿದಳು. ತಪ್ಪು ಮನೆಗೆ ಬಂದೆನೇನೋ ಎಂದು ಅಂಬಾರಾಯನಿಗೆ ಗಾಬರಿಯಾಯಿತು. ‘ನಿಮ್ಮವ್ವನೇ ಹೌದಲ್ಲ?’ ಎಂದ. ‘ಹೌದ್ರಿ. ಆಕಿ ನಗೋದು ನಾ ನೋಡೇ ಇದ್ದಿಲ್ಲ’ ಎಂದಳು ಜಗದೇವಿ, ‘ನಕ್ಕರ ನನ್ನ ಗಲ್ಲಕ್ಕ ಕುಳಿ ಬೀಳ್ತದಲ್ರಿ, ಅದು ಆಕಿಂದೇ ಅಂತ ಇವತ್ತ ಗೊತ್ತಾತು.’